ಬೂದು ಕೋಟಿಗೆ ಕೆಂಪು ದಾರ

ನಮ್ಮೂರಿನ ಹೊಳೆಯಲ್ಲಿ ತೇಲಿ ಬರುವ ವಸ್ತುಗಳು ಇನ್ನೂ ಕಳೆದುಹೋಗಿರುವುದಿಲ್ಲ. ಹೀಗೆಂದರೆ ಹೊರಗಿನವರು ನಗುತ್ತಾರೆ, ಇಲ್ಲವೇ ಹೊಳೆ ಎಲ್ಲಿ ಹುಟ್ಟುತ್ತದೆ, ಆಳವೆಷ್ಟು ಎಂದೆಲ್ಲ ಕೇಳತೊಡಗುತ್ತಾರೆ. ಅದು ನಮಗೂ ಗೊತ್ತಿಲ್ಲ, ತಿಳಿದುಕೊಂಡು ಆಗಬೇಕಾದದ್ದೂ ಏನಿಲ್ಲ. ಬೆಳಿಗ್ಗೆ ಬಟ್ಟೆ ಒಗೆಯಲು ಹೋದಾಗ ಮೆಟ್ಟಿಲಿಗೆ ಒಂದು ಕೊಡೆ ಬಂದು ತಾಗಿತು ಅನ್ನಿ. ಯಾರದೆಂದು ಗುರುತು ಹಿಡಿದು ಅವರ ಮನೆಗೆ ಒಯ್ದರೆ, ಅಲ್ಲಿ ಗೂಟಕ್ಕೆ ಅದೇ ಕೊಡೆ ನೇತಾಡುತ್ತಿರುತ್ತದೆ. ಮನೆಯವರು ಬೆರಗಾಗುವುದಿಲ್ಲ. "ಹಂಗಾರ ಇದು ಹೋಗೂದೈತಿ ಅನ್ನು" ಎಂದು ಎರಡನ್ನೂ ಒಂದೇ ಗೂಟಕ್ಕೆ ಸಿಕ್ಕಿಸುತ್ತಾರೆ. ಕೆಲವು ದಿನ ಮನೆಯಲ್ಲಿ ಎರಡು ಕೊಡೆ ಇರುತ್ತವೆ. ಆಮೇಲೆ ಒಂದು ಎಲ್ಲೋ ಕಳೆಯುತ್ತದೆ, ಇನ್ನೊಂದನ್ನು ಹಿಡಿದುಕೊಂಡು ಓಡಾಡುತ್ತಾರೆ.

ಹರಿದ ಬಟ್ಟೆಯ ಮಾತು ಬೇರೆ. ಅದನ್ನು ಹಾಗೇ ಕೊಡುವಂತಿಲ್ಲ. ಒಗೆದು, ಹರಿದ ಜಾಗಕ್ಕೆ ಕೆಂಪು ದಾರದಲ್ಲಿ ರಫೂ ಹಾಕಿ, ಇಸ್ತ್ರಿ ಮಾಡಿ, ಮಡಿಕೆಯ ಮೇಲೆ ಒಂದು ಚಿಟಿಕೆ ಕುಂಕುಮ ಇಟ್ಟು ಬಟ್ಟೆಯವನಿಗೆ ಮುಟ್ಟಿಸಬೇಕು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು "ಇದು ನಂದು" ಅನ್ನಬೇಕು. ಹಾಗೆ ಅಂದರೆ ಹರಿಯುವುದೆಲ್ಲ ಬಟ್ಟೆಯಲ್ಲೇ ಮುಗಿಯುತ್ತದೆ, ಮೈಯವರೆಗೆ ಬರುವುದಿಲ್ಲ. ಗಾಡಿ ಹೊಡೆಯುವ ಸಂಗಪ್ಪನ ಅಂಗಿ ಒಮ್ಮೆ ಪಕ್ಕೆಯಲ್ಲಿ ಉದ್ದಕ್ಕೆ ಸೀಳಿಕೊಂಡು ಬಂದಿತ್ತು. ರಫೂ ಹಾಕಿ ಕೊಟ್ಟೆವು. ಕೆಲವೇ ದಿನಕ್ಕೆ ಹೋರಿ ಕೋಡು ಬೀಸಿದಾಗ ಅಂಗಿ ಹರಿಯಿತೇ ಹೊರತು ಸಂಗಪ್ಪನ ಪಕ್ಕೆಗೆ ಒಂದು ಗೀರೂ ಬೀಳಲಿಲ್ಲ. ದಾರ ಕೆಂಪೇ ಯಾಕೆಂದರೆ, ಬರುವ ಕೇಡಿನ ಕಣ್ಣಿಗೆ ಅದು ಬೀಳಬೇಕು. ಇಲ್ಲಿ ಆಗಲೇ ಮುಚ್ಚಿದೆ, ಬೇರೆ ಕಡೆ ಹೋಗು ಎಂದು ಅದಕ್ಕೆ ಗೊತ್ತಾಗಬೇಕು.

ಊರಿನಲ್ಲಿ ಈ ರಫೂ ಹಾಕುತ್ತಿದ್ದವಳು ಸಾವಂತ್ರವ್ವ. ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ಓರಗಿತ್ತಿ. ನಾನು ಇಸ್ತ್ರಿ ಮಾಡುತ್ತಿದ್ದೆ, ಅವಳು ಸೂಜಿ ಹಿಡಿಯುತ್ತಿದ್ದಳು. ಒಂದೇ ಸೂರಿನಡಿ ಇಷ್ಟು ವರ್ಷ ಬಾಳಿದ ಮೇಲೆ ಹೇಳಬಲ್ಲೆ, ಅವಳಷ್ಟು ಹಟಮಾರಿ ಹೆಂಗಸು ಇನ್ನೊಬ್ಬಳಿರಲಿಲ್ಲ. ಒಂದು ಎಳೆ ಸಡಿಲವಾದರೂ ಪೂರ್ತಿ ಬಿಚ್ಚಿ ಮತ್ತೆ ಹಾಕುವಳು. ಅವಳ ಮಾತೂ ಹಾಗೇ, ಒಮ್ಮೆ ಆಡಿದರೆ ಮುಗಿಯಿತು. ಗಂಡ ಸತ್ತು ಹೋಗಿದ್ದ, ಇದ್ದವಳು ಒಬ್ಬಳೇ ಮಗಳು, ಕಸ್ತೂರಿ. ಅವಳನ್ನು ಹೊಳೆಯಾಚೆ ಕೊಟ್ಟಿದ್ದಳು.

ಹೊಳೆಯಾಚೆ ಎಂದರೆ ಬೇರೆ ದೇಶ. ನಮ್ಮ ದಡದಲ್ಲಿ ನಿಂತು ಕೂಗಿದರೆ ಗಾಳಿ ಸುಮ್ಮನಿದ್ದಾಗ ಆಚೆ ಕೇಳಿಸುತ್ತಿತ್ತು, ಆದರೂ ಬೇರೆ ದೇಶ. ಅವರ ಬಾವುಟ ಬೇರೆ, ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ. ಮಾತು, ರೊಟ್ಟಿ, ಪಲ್ಯ ಎಲ್ಲ ನಮ್ಮವೇ. ನಡುವೆ ಒಂದು ಸೇತುವೆ, ಎರಡು ತುದಿಗೆ ಎರಡು ಚೌಕಿ. ಚೀಟಿ ತೋರಿಸಿದರೆ ಬಿಡುತ್ತಿದ್ದರು. ಆಚೆ ದಡಕ್ಕೆ ಹೊಳೆ ಏನನ್ನೂ ತರುತ್ತಿರಲಿಲ್ಲ, ಹಾಗಾಗಿ ನಮಗೆ ತಲೆ ಸ್ವಲ್ಪ ಸಡಿಲ ಎಂದು ಅವರು ತಿಳಿದಿದ್ದರು. ಅಳಿಯ ಫಕೀರಪ್ಪ ಮಾತ್ರ ಹಾಗೆ ತಿಳಿದವನಲ್ಲ. ಅವನು ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದ. ಯಾವಾಗ ನೋಡಿದರೂ ಮೊಣಕೈವರೆಗೆ ಮೈದಾ ಹಿಟ್ಟು. ಅತ್ತೆ ನಿಂತುಕೋ ಎಂದರೆ ನಿಲ್ಲುವ, ಕೂಡು ಎಂದರೆ ಕೂಡುವ ಮನುಷ್ಯ. ಸಾವಂತ್ರವ್ವ ಮಗಳಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚಾಗಿಯೇ ಅವನನ್ನು ಪ್ರೀತಿಸುತ್ತಿದ್ದಳು. ಇದನ್ನು ಅವಳ ಮುಂದೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ದಿನ ಬೆಳಿಗ್ಗೆ ಎರಡು ಕೋಟು ಒಟ್ಟಿಗೆ ಬಂದವು. ತೋಳಿಗೆ ತೋಳು ಸುತ್ತಿಕೊಂಡು, ಬಿಡಿಸಲು ಬಾರದಂತೆ. ಒಂದು ಹಸಿರು, ನಮ್ಮ ಸೈನ್ಯದ್ದು. ಇನ್ನೊಂದು ಬೂದು, ಅವರದ್ದು. ಎರಡಕ್ಕೂ ಎಡ ಎದೆಯ ಮೇಲೆ ಸಣ್ಣ ತೂತು, ಬೆನ್ನಿನಲ್ಲಿ ದೊಡ್ಡದು. ಆಗ ಯುದ್ಧದ ಸುದ್ದಿಯೇ ಇರಲಿಲ್ಲ. ಎರಡು ದೇಶದ ದೊಡ್ಡವರು ವರ್ಷಕ್ಕೊಮ್ಮೆ ಸೇತುವೆಯ ಮೇಲೆ ಸಿಹಿ ಹಂಚಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಳಗೊಳಗೆ ಹಲ್ಲು ಕಡಿಯುತ್ತಿದ್ದರೋ ಏನೋ, ಫೋಟೋದಲ್ಲಿ ಹಲ್ಲಷ್ಟೇ ಕಾಣುತ್ತಿತ್ತು.

ನನಗೆ ಅವನ್ನು ಮುಟ್ಟಲೂ ಮನಸ್ಸಾಗಲಿಲ್ಲ. "ಅಕ್ಕಾ, ಇವು ನಮ್ಮೂರವಲ್ಲ. ಹೊಳ್ಳಿ ನೀರಿಗೆ ಬಿಟ್ಟುಬಿಡೂಣು" ಅಂದೆ.

"ಯಾವೂರಾಗರ ಒಬ್ಬ ತಾಯಿ ಹಡದಿದ್ದಾಳ. ಅಕಿ ಕಾಯ್ತಿರೂದಿಲ್ಲೇನು?" ಎಂದು ಸಾವಂತ್ರವ್ವ ಆಗಲೇ ಸಾಬೂನು ಹಚ್ಚತೊಡಗಿದ್ದಳು.

ಹಸಿರು ಕೋಟಿನ ಜೇಬಿನ ಮುಚ್ಚಳದ ಮೇಲೆ ಒಂದು ನಂಬರಿತ್ತು. ಬೂದು ಕೋಟಿನ ಕಾಲರಿನ ಒಳಗೆ ಶಾಯಿಯಲ್ಲಿ ಒಂದು ಹೆಸರಿತ್ತು, ನಾವು ಕೇಳಿರದ ಹೆಸರು. ಅವರ ಸೈನ್ಯದಲ್ಲಿ ಹಾಗೆ ಬರೆಯುವ ಪದ್ಧತಿ. ಸಾವಂತ್ರವ್ವ ಎರಡಕ್ಕೂ ಒಂದೇ ಶ್ರದ್ಧೆಯಿಂದ ರಫೂ ಹಾಕಿದಳು. ಎದೆಯ ಮೇಲಿನದಂತೂ ಗುಂಡಗೆ, ಅಚ್ಚುಕಟ್ಟಾಗಿ, ಒಂದು ರೂಪಾಯಿಯಷ್ಟು ಅಗಲಕ್ಕೆ ಬಂತು. ನಾನು ಇಸ್ತ್ರಿ ಮಾಡಿ ಕುಂಕುಮ ಇಟ್ಟೆ. ಟಪಾಲಿನ ಇಮಾಮಸಾಬ ಎರಡನ್ನೂ ಬೇರೆ ಬೇರೆ ಕಟ್ಟು ಕಟ್ಟಿ, ಒಂದನ್ನು ನಮ್ಮ ರಾಜಧಾನಿಗೆ, ಇನ್ನೊಂದನ್ನು ಅವರ ರಾಜಧಾನಿಗೆ ಕಳಿಸಿದ. ಕಳಿಸಿದವರ ಹೆಸರಿನ ಜಾಗದಲ್ಲಿ ಹೊಳೆಯ ಹೆಸರು ಬರೆದೆವು. ನಮ್ಮಲ್ಲಿ ಹಾಗೆಯೇ ಬರೆಯುವುದು.

ಆಮೇಲೆ ಏನಾಯಿತೆಂದು ನಮಗೆ ಚೂರುಚೂರಾಗಿ ತಿಳಿಯಿತು. ನಮ್ಮ ರಾಜಧಾನಿಯಲ್ಲಿ ಆ ನಂಬರಿನ ಸಿಪಾಯಿಯನ್ನು ಹುಡುಕಿದರೆ, ಅವನು ಅದೇ ನಂಬರಿನ ಕೋಟು ತೊಟ್ಟುಕೊಂಡು ಪಹರೆಗೆ ನಿಂತಿದ್ದನಂತೆ. ಅವರ ರಾಜಧಾನಿಯಲ್ಲೂ ಆ ಹೆಸರಿನವನು ಜೀವಂತ ಇದ್ದ. ಕೋಟು ಮಾತ್ರ ಎರಡು. ನಮ್ಮೂರಿನವರಾಗಿದ್ದರೆ ಎರಡನ್ನೂ ಒಂದೇ ಗೂಟಕ್ಕೆ ಸಿಕ್ಕಿಸಿ ಸುಮ್ಮನಾಗುತ್ತಿದ್ದರು. ರಾಜಧಾನಿಯವರು ಹಾಗೆ ಮಾಡಲಿಲ್ಲ. ಶತ್ರು ನಮ್ಮ ಸಮವಸ್ತ್ರವನ್ನು ನಮಗಿಂತ ಚೆನ್ನಾಗಿ ಹೊಲಿಯುತ್ತಿದ್ದಾನೆ, ನಮ್ಮೊಳಗೆ ತನ್ನವರನ್ನು ಸೇರಿಸುತ್ತಿದ್ದಾನೆ, ಎಲ್ಲಿ ಗುಂಡು ಹೊಡೆಯುತ್ತೇನೆ ಎಂದು ಎದೆಯ ಮೇಲೆ ಗುರುತು ಹಾಕಿ ಮೇಲೆ ಕುಂಕುಮ ಚೆಲ್ಲಿ ಕಳಿಸಿದ್ದಾನೆ ಎಂದುಕೊಂಡರು. ಇಲ್ಲಿ ಹೀಗೆಂದುಕೊಂಡ ದಿನವೇ ಅಲ್ಲಿಯೂ ಹೀಗೇ ಅಂದುಕೊಂಡಿದ್ದರು. ಆ ಒಂದು ವಿಷಯದಲ್ಲಿ ಎರಡೂ ದೇಶಕ್ಕೆ ಭಿನ್ನಾಭಿಪ್ರಾಯವಿರಲಿಲ್ಲ.

ಸಿಹಿ ಹಂಚುವುದು ನಿಂತಿತು. ಪತ್ರಿಕೆಗಳಲ್ಲಿ ದಿನಾ ಕೆಂಪು ವೃತ್ತದ ಚಿತ್ರ. ನಮ್ಮ ದಡಕ್ಕೆ ಲಾರಿಗಳಲ್ಲಿ ಸೈನ್ಯ ಬಂದು ಇಳಿಯಿತು, ಅದನ್ನು ಕಂಡು ಅವರದೂ ಬಂತು. ಆಚೆ ಊರಿನಲ್ಲಿ ಅಂಗಡಿಯವರನ್ನೂ ಮಾಸ್ತರರನ್ನೂ ಸೇರಿಸಿಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಸಾವಂತ್ರವ್ವನ ಮುಖ ಕಪ್ಪಿಟ್ಟಿತು. ಕಸ್ತೂರಿ ಆಗ ಏಳು ತಿಂಗಳ ಬಸುರಿ.

ನಮ್ಮ ಕಡೆಯ ಕ್ಯಾಪ್ಟನ್ ಒಬ್ಬರು ಸಾವಂತ್ರವ್ವನನ್ನು ಕರೆಸಿದರು. ಜಾಗೀರದಾರ ಅಂತ ಅವರ ಹೆಸರು. ದೂರದ ದೊಡ್ಡ ಊರಿನವರು, ಮಾತು ಮೃದು. ಮೇಜಿನ ಮೇಲೆ ಹಸಿರು ಕೋಟು ಹರವಿತ್ತು. ನಾನೂ ಜೊತೆಗೆ ಹೋಗಿದ್ದೆ.

"ಈ ಕೆಂಪು ಗುರುತು ಹಾಕಿದವಳು ನೀನೇನಮ್ಮ?"

"ಹೌದ್ರಿ ಸಾಹೇಬ್ರ. ತೂತು ಬಿದ್ದಿತ್ತು, ಮುಚ್ಚೀನಿ."

"ಯಾರು ಹೊಡೆದದ್ದು?"

"ಇನ್ನೂ ಹೊಡದಿಲ್ರಿ."

ಕ್ಯಾಪ್ಟನ್ ಪೆನ್ನು ಕೆಳಗಿಟ್ಟರು. "ಹೊಡೆಯದೆ ತೂತು ಹೇಗೆ ಬಿತ್ತು?"

"ಅದನ್ನ ನೀವ ಹೇಳಬೇಕ್ರಿ. ಬಂದೂಕು ತಂದವರು ನೀವು" ಅಂದಳು ನನ್ನ ಓರಗಿತ್ತಿ. ನಾನು ಅವಳ ಸೆರಗು ಹಿಡಿದು ಜಗ್ಗಿದೆ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಇನ್ನು ಮೇಲೆ ಹೊಳೆಯಲ್ಲಿ ಸಿಕ್ಕ ಸೈನ್ಯದ ಬಟ್ಟೆ ಯಾವುದನ್ನೂ ಮುಟ್ಟಕೂಡದು, ಕಳಿಸಿದರೆ ದೇಶದ್ರೋಹ ಆಗುತ್ತದೆ ಎಂದರು. ನಾವು ಹೊರಡುವಾಗ, ತಮ್ಮದೇ ಕೋಟಿನ ಎಡ ಎದೆಯನ್ನು ಅವರು ಗೊತ್ತಿಲ್ಲದೆ ಒರೆಸಿಕೊಳ್ಳುತ್ತಿದ್ದುದನ್ನು ನಾನು ಕಂಡೆ.

ಮುಟ್ಟಬಾರದು ಎಂದರೆ ಹೊಳೆ ಕೇಳಬೇಕಲ್ಲ. ಆ ವಾರದಿಂದ ಬರತೊಡಗಿದವು ನೋಡಿ. ಬೂಟು, ಕನ್ನಡಕ, ಊಟದ ಡಬ್ಬಿ, ಒಂದೇ ಕೈಯ ಗವಸು. ಶಾಲೆಯ ಗಂಟೆ ಬಂತು, ಶಾಲೆಯಲ್ಲಿ ಗಂಟೆ ಬಾರಿಸುತ್ತಲೇ ಇತ್ತು. ಸೇತುವೆಯ ಕಬ್ಬಿಣದ ಕಟಕಟೆ ಬಂತು, ಮೊನ್ನೆ ಬಳಿದ ಬಣ್ಣ ಹಾಗೇ ಇತ್ತು. ಆಮೇಲೆ ಬಾಗಿಲುಗಳು. ನಮ್ಮ ಮನೆಯ ಬಾಗಿಲೂ ಬಂತು, ನನ್ನ ಗಂಡ ವಕ್ರವಾಗಿ ಬಡಿದ ಚಿಲಕದ ಸಮೇತ. ನಾಲ್ಕು ಜನ ಹೊತ್ತು ತಂದು ನಮ್ಮ ಬಾಗಿಲಿನ ಪಕ್ಕಕ್ಕೇ ಒರಗಿಸಿದೆವು. ಓಣಿಯಲ್ಲಿ ಎಲ್ಲರ ಮನೆಗೂ ಎರಡೆರಡು ಬಾಗಿಲಾದವು. ರೊಟ್ಟಿ ಬಡಿದೆವು, ನೀರು ತಂದೆವು, ಒಳಗೆ ಹೋಗುವಾಗ ಇನ್ನೊಂದು ಬಾಗಿಲಿಗೆ ಕಾಲು ತಾಗದಂತೆ ಹುಷಾರಾಗಿ ದಾಟಿದೆವು. ಮಕ್ಕಳು ಮಾತ್ರ ಆ ಬಾಗಿಲುಗಳ ಹಿಂದೆ ಅಡಗಿ ಆಡುತ್ತಿದ್ದವು. ಅವನ್ನು ಬೈಯಲೂ ಯಾರಿಗೂ ಬಾಯಿ ಬರಲಿಲ್ಲ.

ಆ ಕೋಟು ಬಂದದ್ದು ಇಂಥ ಒಂದು ಬೆಳಿಗ್ಗೆ. ಬೂದು ಬಣ್ಣದ್ದು. ಎಡ ಎದೆಯ ಮೇಲೆ ತೂತು. ತೂತಿನ ಅಂಚಿಗೆ ಒಂದೆರಡು ಕೆಂಪು ಎಳೆ ಅಂಟಿಕೊಂಡಿದ್ದವು, ಸಾವಂತ್ರವ್ವ ಅವನ್ನು ಉಗುರಿನಲ್ಲಿ ಕಿತ್ತು ಎಸೆದಳು. ಕಾಲರು ತಿರುಗಿಸಿ ನೋಡಿದವಳು ಹಾಗೇ ಮೆಟ್ಟಿಲ ಮೇಲೆ ಕುಸಿದು ಕೂತಳು. ನಾನು ಬಗ್ಗಿ ಓದಿದೆ. ಫಕೀರಪ್ಪ, ಬೇಕರಿ ಓಣಿ.

"ಅವ ಸಿಪಾಯಿ ಅಲ್ಲಲ್ಲ ಅಕ್ಕಾ" ಅಂದೆ. "ಅವಗ ಬ್ರೆಡ್ ಕೊಯ್ಯೂ ಚಾಕು ಬಿಟ್ರ ಬ್ಯಾರೆ ಗೊತ್ತಿಲ್ಲ."

"ಇನ್ನೂ ಅಲ್ಲ" ಎಂದಳು ಅವಳು.

ಆ ದಿನ ನಾವಿಬ್ಬರೂ ಮೊದಲ ಸಲ ಜಗಳವಾಡಿದೆವು. ಸುಟ್ಟುಬಿಡು ಅಂದೆ ನಾನು. ಈ ಒಂದು ಕೋಟು ಆಚೆ ಹೋದರೆ ಉಳಿದಿರುವುದೂ ಹೊತ್ತಿಕೊಳ್ಳುತ್ತದೆ, ಕ್ಯಾಪ್ಟನ್ ನಿನ್ನನ್ನು ಒಳಗೆ ಹಾಕುತ್ತಾರೆ, ಬಾಗಿಲುಗಳು ಯಾಕೆ ಬಂದಿವೆ ಅಂತ ಯೋಚಿಸು ಅಂದೆ. ಅವಳು ದಾರ ಪೋಣಿಸುತ್ತಿದ್ದಳು. ಕಡೆಗೆ ತಲೆಯೆತ್ತಿದಾಗ ಕಣ್ಣು ಕೆಂಪಗಾಗಿದ್ದವು.

"ಸುಟ್ಟರ ತೂತು ಎಲ್ಲಿ ಹೋಗತೈತಿ ಹೇಳು. ಕೋಟಿಲ್ಲದ ತೂತು ಸೀದಾ ಅವನ ಮೈಯಾಗ ಹೋಗತೈತಿ. ದೇಶ ದೇಶ ಬಡದಾಡ್ಲಿ, ನನಗ ಅವ ಒಬ್ಬ ಉಳದ್ರ ಸಾಕು. ಕಸ್ತೂರಿ ಹೊಟ್ಟ್ಯಾಗಿನ ಕೂಸು ಯಾರನ್ನ ಅಪ್ಪಾ ಅನಬೇಕು?"

ಸಂಗಪ್ಪನ ಪಕ್ಕೆಯನ್ನು ನಾನೂ ಕಣ್ಣಾರೆ ಕಂಡವಳು. ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿದೆ.

ಸೇತುವೆಯನ್ನು ಮುಚ್ಚುವವರಿದ್ದರು. ಅದಕ್ಕೂ ಮುಂಚೆ ಕಸ್ತೂರಿಗೆ ಸೀಮಂತದ ಕುಬಸ ಮಾಡಿ ಬರುತ್ತೇವೆ ಎಂದು ಚೌಕಿಯಲ್ಲಿ ಹೇಳಿಕೊಂಡೆವು. ಬುಟ್ಟಿಯಲ್ಲಿ ಹಸಿರು ಸೀರೆ, ಬಳೆ, ಹೋಳಿಗೆ, ಎಲ್ಲದರ ಕೆಳಗೆ ಕೋಟು. ನಮ್ಮ ಕಡೆಯ ಸಿಪಾಯಿಗೆ ಬಸುರಿಯ ಬುಟ್ಟಿಗೆ ಕೈ ಹಾಕಲು ನಾಚಿಕೆಯಾಗಿ, ಮೇಲಿನ ಸೀರೆ ಮುಟ್ಟಿ ಬಿಟ್ಟುಬಿಟ್ಟ. ಆಚೆ ಕಡೆಯ ಹವಾಲ್ದಾರನಿಗೆ ಅಂಥ ನಾಚಿಕೆಯಿರಲಿಲ್ಲ. ಬುಟ್ಟಿ ಬೋರಲು ಹಾಕಿದ. ಹೋಳಿಗೆ ಮಣ್ಣಿಗೆ ಬಿದ್ದವು, ಅವುಗಳ ಮೇಲೆ ಬೂದು ಕೋಟು ಎದೆಯ ಕೆಂಪು ಕಾಣುವಂತೆ ಬಿಚ್ಚಿಕೊಂಡಿತು. ಸುತ್ತ ನಿಂತ ಸಿಪಾಯಿಗಳೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

"ಯಾರ್ದಬೇ ಇದು?"

"ನಮ್ಮ ಅಳ್ಯಾಂದ್ರಿ. ಹೊಳ್ಯಾಗ ಬಂದಿತ್ತು. ಅವನ ಕೈಯಾಗ ಕೊಟ್ಟು ಹೋಗತೇನ್ರಿ."

ಹವಾಲ್ದಾರ ಕಾಲರಿನ ಹೆಸರು ಓದಿ, ಬೇಕರಿಗೆ ಆಳು ಕಳಿಸಿದ. ಫಕೀರಪ್ಪ ಹಿಟ್ಟಿನ ಕೈಯಲ್ಲೇ ಓಡಿ ಬಂದ. ಹಿಂದೆ ಕಸ್ತೂರಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಏದುಸಿರು ಬಿಡುತ್ತ. ಹವಾಲ್ದಾರ ಕೋಟನ್ನು ಎತ್ತಿ ಅವನ ಮುಖದ ಮುಂದೆ ಹಿಡಿದ. "ಇದು ನಿಂದೇನು?"

ಅದು ತನ್ನದಲ್ಲ ಎಂದು ಅವನಿಗೆ ಗೊತ್ತಿತ್ತು. ಅಲ್ಲ ಎಂದಿದ್ದರೆ ಅವನನ್ನು ಬಿಟ್ಟು ನಮ್ಮನ್ನು ಹಿಡಿಯುತ್ತಿದ್ದರು, ಅಷ್ಟೇ. ಅವನು ಅತ್ತೆಯ ಕಡೆ ನೋಡಿದ. ಸಾವಂತ್ರವ್ವ ಇಡೀ ಜೀವವನ್ನು ಕಣ್ಣಿಗೆ ತಂದುಕೊಂಡು ನಿಂತಿದ್ದಳು. ನಮ್ಮೂರಿನ ಪದ್ಧತಿ ಅವನಿಗೆ ತಿಳಿಯದ್ದಲ್ಲ, ಕಸ್ತೂರಿ ನೂರು ಸಲ ಹೇಳಿದ್ದಳು. ಅವನು ಕೈಯ ಹಿಟ್ಟನ್ನು ಲುಂಗಿಗೆ ಒರೆಸಿಕೊಂಡು, ಎರಡೂ ಕೈ ಚಾಚಿ ಕೋಟು ತೆಗೆದುಕೊಂಡ.

"ಹೌದ್ರಿ. ಇದು ನಂದು" ಅಂದ.

ಸಾವಂತ್ರವ್ವ ದೊಡ್ಡದಾಗಿ ಉಸಿರು ಬಿಟ್ಟಳು. ಅಷ್ಟು ದಿನದ ಮೇಲೆ ಅವಳ ಮುಖ ಸಡಿಲವಾದದ್ದನ್ನು ಅಲ್ಲಿ ಕಂಡೆ. "ನನ್ನ ಅಳ್ಯಾ ಉಳದ" ಎಂದು ನನ್ನ ಕೈ ಹಿಡಿದು ಹಿಚುಕಿದಳು. ಹವಾಲ್ದಾರ ಮಾತ್ರ ನಗುತ್ತಿದ್ದ. "ನಿಂದಂದ್ರ ಹಾಕ್ಕೋ ಮತ್ತ. ಕೋಟು ವೈರಿ ಕೈಯಾಗ ಕೊಟ್ಟು, ಬೇಕರ್‍ಯಾಗ ಅಡಗಿ ಕೂತೀಯೇನು?" ಅಂದ. ಪಟ್ಟಿಯಲ್ಲಿ ಇವನ ಹೆಸರಿಲ್ಲ ಎಂದು ಪಕ್ಕದವನು ಮೆಲ್ಲಗೆ ಹೇಳಿದ. ಕೋಟಿನ ಮೇಲೆ ಐತಲ್ಲ, ಅದನ್ನ ನೋಡಿ ಪಟ್ಟಿಗೆ ಬರಕೋ ಎಂದ ಹವಾಲ್ದಾರ. ಕೋಟು ಅಳತೆ ಕೊಟ್ಟು ಹೊಲಿಸಿದಷ್ಟು ಸರಿಯಾಗಿ ಕೂತಿತು. ಕಸ್ತೂರಿ ಅಳತೊಡಗಿದಳು. ನಮ್ಮನ್ನು ಸೇತುವೆಯ ಮೇಲೆ ತಳ್ಳಿ, ಹಿಂದಿನಿಂದ ಗೇಟು ಹಾಕಿದರು.

"ಅಳಬ್ಯಾಡವಾ, ತೂತು ಮುಚ್ಚೇತಿ!" ಎಂದು ಸಾವಂತ್ರವ್ವ ನಡುಸೇತುವೆಯಿಂದ ತಿರುಗಿ ಕೂಗಿ ಹೇಳಿದಳು. "ಸಿಪಾಯಿ ಆದ್ರೂ ಅವಗೇನೂ ಆಗೂದಿಲ್ಲ!"

ಮರುದಿನ ಸೇತುವೆ ಮುಚ್ಚಿತು. ಅದಾದ ಮೇಲೆ ಒಂದು ಮಧ್ಯಾಹ್ನ, ಬಿಸಿಲು ಚೆನ್ನಾಗಿ ಬಿದ್ದಿದ್ದಾಗ, ಆಚೆಯ ಸೈನ್ಯ ದಂಡೆಯುದ್ದಕ್ಕೂ ಸಾಲಾಗಿ ಬಂದು ನಿಂತಿತು. ಈಚೆ ದಂಡೆಯಲ್ಲಿ ಮರಳಿನ ಚೀಲಗಳ ಹಿಂದೆ ನಮ್ಮವರು. ಎರಡೂ ಕಡೆ ಯಾರೂ ಅಲುಗಲಿಲ್ಲ. ಹೆದರಿಸಿ ನೋಡುವುದಷ್ಟೇ ಇದ್ದೀತು, ಸಂಜೆಗೆ ಎಲ್ಲರೂ ಊಟಕ್ಕೆ ಹೋಗುತ್ತಾರೆ ಎಂದುಕೊಂಡು ನಾವು ಹೆಂಗಸರು ಮೆಟ್ಟಿಲ ಮೇಲೆ ಹೊಳೆಯ ಸಾಮಾನು ಎಳೆದು ಹಾಕುತ್ತಿದ್ದೆವು. ಸಾವಂತ್ರವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ಆಚೆ ನೋಡುತ್ತಿದ್ದಳು. ಅಳಿಯ ಎಲ್ಲಿದ್ದಾನೆ ಎಂದು ಹುಡುಕುವ ಕಷ್ಟವೇ ಇರಲಿಲ್ಲ. ಆ ದಂಡೆಯ ಮೇಲೆ ನೂರಾರು ಬೂದು ಕೋಟುಗಳಿದ್ದವು, ಒಬ್ಬರ ಮುಖವೂ ತಿಳಿಯುತ್ತಿರಲಿಲ್ಲ. ಒಂದರ ಎದೆಯ ಮೇಲೆ ಮಾತ್ರ ಕೆಂಪಗೆ, ಗುಂಡಗೆ, ಬಿಸಿಲಿಗೆ ಹೊಳೆಯುವ ಬೊಟ್ಟಿತ್ತು.

ಅವಳು ಮೊದಲು ಸಂತೋಷದಿಂದ ನಕ್ಕಳು. "ಅಲ್ಲಿ ನೋಡ, ನಮ್ಮ ಫಕೀರಪ್ಪ" ಎಂದು ನನಗೆ ತೋರಿಸಿದಳು. ಆಮೇಲೆ ಅವಳ ಕಣ್ಣು ಮರಳಿನ ಚೀಲದ ಹಿಂದೆ ಮಲಗಿದ್ದ ನಮ್ಮ ಸಿಪಾಯಿಯ ಕಡೆ ಹೋಯಿತು. ನಮ್ಮ ಮೆಟ್ಟಿಲಿನಿಂದ ಮಾರುದೂರದಲ್ಲಿದ್ದ ಅವನು ಒಂದು ಕಣ್ಣು ಮುಚ್ಚಿಕೊಂಡು, ಅವಳು ಎಲ್ಲಿ ನೋಡುತ್ತಿದ್ದಳೋ ಅಲ್ಲಿಯೇ ನೋಡುತ್ತಿದ್ದ. ಅವನ ಪಕ್ಕದವನೂ. ಅದರಾಚೆಯವನೂ. ಸಾಲಿಗೆ ಸಾಲೇ ಆ ಒಂದು ಬೊಟ್ಟಿನ ಮೇಲೆ ಕಣ್ಣಿಟ್ಟು ಮಲಗಿತ್ತು. ಅಷ್ಟು ದೂರದಲ್ಲಿ ಬೇರೆ ಏನೂ ಕಣ್ಣಿಗೆ ಬೀಳುವಂತಿರಲಿಲ್ಲವಲ್ಲ.

ಸಾವಂತ್ರವ್ವನ ಗಂಟಲಿನಿಂದ ಬಂದ ಕೂಗು ನನಗೆ ಈಗಲೂ ಕೇಳಿಸುತ್ತದೆ. ಸೊಂಟದ ಮಟ್ಟ ನೀರಿಗೆ ಇಳಿದು, ಎರಡೂ ಕೈ ಬೀಸುತ್ತ ಕೂಗಿದಳು. "ಕೋಟು ಬಿಚ್ಚೋ ಫಕೀರಪ್ಪಾ! ಬಿಚ್ಚಿ ಒಗಿ ಅದನ್ನ! ಕೋಟು ಬಿಚ್ಚೋ ನನ್ನಪ್ಪಾ!"

ಗಾಳಿ ನಮ್ಮ ಕಡೆಗೆ ಬೀಸುತ್ತಿತ್ತು. ಅವನಿಗೆ ಕೇಳಿಸಲಿಲ್ಲ. ಅತ್ತೆ ಕೈ ಬೀಸುತ್ತಿದ್ದಾಳೆ ಎಂದಷ್ಟೇ ಕಂಡಿರಬೇಕು. ಅವನು ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು, ಎದೆ ಚೆನ್ನಾಗಿ ಕಾಣುವಂತೆ, ತಾನೂ ಕೈ ಎತ್ತಿ ಬೀಸಿದ.

ಒಂದೇ ಗುಂಡಿನ ಸದ್ದು. ಆಮೇಲೆ ಎರಡೂ ದಂಡೆ ಒಟ್ಟಿಗೆ ಗುಡುಗಿದವು. ಹೊಳೆಯಿಂದ ಹೊಳೆಗೆ, ಗಡಿಯಿಂದ ಗಡಿಗೆ ಆ ಸದ್ದು ಹರಿದು, ನಾವು ಹೆಸರು ಕೇಳಿರದ ದೇಶಗಳೂ ಅದರಲ್ಲಿ ಸೇರಿಕೊಂಡು, ಅದು ನಿಲ್ಲುವ ಹೊತ್ತಿಗೆ ನಮ್ಮೂರಿನಲ್ಲಿ ಒಂದು ಬಾಗಿಲೂ ಉಳಿದಿರಲಿಲ್ಲ. ಈಗ ಮಕ್ಕಳ ಪುಸ್ತಕದಲ್ಲಿ ಯುದ್ಧ ಹೇಗೆ ಶುರುವಾಯಿತೆಂದು ಬರೆದಿದ್ದಾರೆ. ಎದೆಯ ಮೇಲೆ ಕೆಂಪು ಪದಕ ಧರಿಸಿದ್ದ ವೈರಿ ಸೇನಾಧಿಕಾರಿಯೊಬ್ಬ ಮುಂದೆ ಬಂದು, ಕೈಯೆತ್ತಿ ದಾಳಿಗೆ ಸಂಜ್ಞೆ ಕೊಟ್ಟನಂತೆ. ಫಕೀರಪ್ಪ ಜೀವಮಾನದಲ್ಲಿ ಯಾರಿಗೂ ಒಂದು ಅಪ್ಪಣೆ ಕೊಟ್ಟವನಲ್ಲ. ಅವನ ಮಗಳು ಅದೇ ಪುಸ್ತಕ ಓದುತ್ತಾಳೆ.

ಅವನು ಮುಂದಕ್ಕೆ ಮುಗ್ಗರಿಸಿ ನೀರಿಗೆ ಬಿದ್ದದ್ದನ್ನು ನಾವಿಬ್ಬರೂ ಕಂಡೆವು. ಹೆಣ ಸಿಗಲಿಲ್ಲ. ಸಾವಂತ್ರವ್ವ ಈಗಲೂ ದಿನಾ ಬೆಳಿಗ್ಗೆ ಮುರಿದ ಮೆಟ್ಟಿಲ ಮೇಲೆ ಹೋಗಿ ಕೂರುತ್ತಾಳೆ. ಕೆಂಪು ದಾರವನ್ನೆಲ್ಲ ಒಲೆಗೆ ಹಾಕಿದ್ದಾಳೆ, ಬೂದು ದಾರದ ಉಂಡೆಯೊಂದೇ ಮಡಿಲಲ್ಲಿರುತ್ತದೆ. "ಕೋಟು ಬರ್ಲಿ. ಈ ಸಲ ಯಾರಿಗೂ ಕಾಣದಂಗ ಹಾಕತೇನಿ" ಅನ್ನುತ್ತಾಳೆ. ಹೂಂ ಅಕ್ಕಾ ಎಂದು ನಾನು ಪಕ್ಕದಲ್ಲಿ ಕೂರುತ್ತೇನೆ. ಒಂದು ವಸ್ತುವನ್ನು ಹೊಳೆ ಒಂದೇ ಸಲ ತರುತ್ತದೆ. ಇದು ಅವಳಿಗೂ ಗೊತ್ತು. ಆ ಕೋಟನ್ನು ಅದು ಆಗಲೇ ತಂದಾಗಿತ್ತು.